ಟ್ರಂಕಿನಲ್ಲಿ ಇಲ್ಲದ ಕಾಗದ

ಕೆ.ಆರ್.ಪೇಟೆ ತಾಲ್ಲೂಕು ಕಿಕ್ಕೇರಿ ಹೋಬಳಿಯಲ್ಲಿ ನಮ್ಮ ದೊಡ್ಡಪ್ಪನ ಮನೆ. ಅಟ್ಟದ ಮೇಲೊಂದು ಕಪ್ಪು ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಆರ್ಮಿ ನಂಬರು, ಹೆಸರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಸೈನ್ಯಕ್ಕೆ ಹೋಗಿ ಬಂದವರ ಮನೆಗೆ ಹೋದರೆ ಇಂಥದೊಂದು ಟ್ರಂಕು ಕಾಣುತ್ತದೆ. ಒಳಗೆ ಇರುವುದೂ ಹೆಚ್ಚುಕಮ್ಮಿ ಒಂದೇ: ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಮೆಡಲ್ಲು, ಸಾಲಾಗಿ ಕೂತು ತೆಗೆಸಿಕೊಂಡ ಗ್ರೂಪ್ ಫೋಟೋ, ನುಸಿಗುಳಿಗೆ ವಾಸನೆ.

2018ರಲ್ಲಿ ಒಂದು ಭಾನುವಾರ ದೊಡ್ಡಪ್ಪ ಆ ಟ್ರಂಕು ಇಳಿಸಿ ನನ್ನ ಮುಂದಿಟ್ಟರು. "ಲೋ ಮಗ, ನೀನು ಪೇಪರ್ನೋನಲ್ವ. ಇದ್ರಲ್ಲಿ ನನ್ನ ಕಿವಿ ವಿಚಾರ ಎಲ್ಲೈತೆ ನೋಡ್ಲಾ" ಅಂದರು.

ಅವರ ಎಡಗಿವಿ ಕೇಳುವುದಿಲ್ಲ. 1979ರಲ್ಲಿ ಸೇರಿ 1996ರಲ್ಲಿ ಬಂದವರು, ಹದಿನೇಳು ವರ್ಷ ಸಿಡಿಮದ್ದಿನ ಜೊತೆ ಕೆಲಸ. ಬಿಡುವಾಗ ವೈದ್ಯಕೀಯ ಮಂಡಳಿ ಕೂತು ಪರೀಕ್ಷೆ ಮಾಡಿತ್ತು. ಅಂಗವಿಕಲತೆ ಪಿಂಚಣಿ ಇಲ್ಲ ಎಂದು ಮರು ವರ್ಷ ಒಂದು ಕಾಗದವೂ ಬಂದಿತ್ತು. ಅದರಲ್ಲಿ ಕಾರಣ ಅಂತ ಇದ್ದದ್ದು ಒಂದೇ ಸಾಲು: ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇಂಗ್ಲಿಷಿನ ಆ ಸಾಲಿನ ಮೊದಲಕ್ಷರಗಳನ್ನು ಸೇರಿಸಿ ಮಾಜಿ ಸೈನಿಕರು 'ನಾನಾ' ಅನ್ನುತ್ತಾರೆ. ಕನ್ನಡದಲ್ಲಿ ನಾನಾ ಅಂದರೆ ಹಲವು. ಸೈನ್ಯದ ನಾನಾಕ್ಕೆ ಅರ್ಥ ಒಂದೇ, ನಿನಗೆ ಇಲ್ಲ ಹೋಗು ಅಂತ.

ಟ್ರಂಕು ಪೂರ್ತಿ ಹುಡುಕಿದೆ. ಮಂಡಳಿ ಏನು ಬರೆಯಿತು ಅನ್ನುವ ಕಾಗದ ಅದರಲ್ಲಿ ಇರಲಿಲ್ಲ.

"ಕೊಟ್ಟಿರಲಿಲ್ವಾ ದೊಡ್ಡಪ್ಪ?"

"ಸೈನ್ ಹಾಕು ಅಂದ್ರು, ಹಾಕ್ದೆ. ಕೇಳೋಕೆ ಯಾರಿಗೆ ಧೈರ್ಯ ಇತ್ತು?"

ಆ ಕಾಗದದ ಬೆನ್ನು ಹತ್ತಿ ಹೋದಾಗ ಗೊತ್ತಾದದ್ದು, ಸೈನಿಕನ ಕಾಯಿಲೆಯನ್ನು ಬರೆದಿಡುವ ಕಥೆ ನಮ್ಮ ಕಾಲುಬುಡದಲ್ಲೇ ಇನ್ನೂರು ವರ್ಷದಿಂದ ಬಿದ್ದಿದೆ ಅಂತ.

ಶ್ರೀರಂಗಪಟ್ಟಣದಿಂದ ಶುರು ಮಾಡೋಣ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಕಂಪನಿ ಸರ್ಕಾರ ಅಲ್ಲಿ ದೊಡ್ಡ ದಂಡನ್ನು ಇರಿಸಿತು. ಅದರ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ದರಿಯಾ ದೌಲತ್‌ನಲ್ಲೇ ವಾಸವಿದ್ದ. ಕೋಟೆ ಗೆದ್ದ ದಂಡನ್ನು ಜ್ವರ ಗೆದ್ದಿತು. ಕಾವೇರಿಯ ಎರಡು ಕವಲಿನ ನಡುವಿನ ದ್ವೀಪ, ಸುತ್ತ ನಾಲೆ, ಗದ್ದೆ. ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿದ್ದು 1897ರಲ್ಲಿ. ಅಲ್ಲಿಯವರೆಗೆ ಕೆಟ್ಟ ಗಾಳಿ ಅನ್ನುತ್ತಿದ್ದರು. ಆ ಕೆಟ್ಟ ಗಾಳಿ ತಾಳಲಾರದೆ ದಂಡು ಬೆಂಗಳೂರಿಗೆ ಹೋಯಿತು, 1809ರಲ್ಲಿ ಅಲ್ಲಿ ಕಂಟೋನ್ಮೆಂಟ್ ಎದ್ದಿತು. ಬೆಂಗಳೂರು ಇಷ್ಟು ದೊಡ್ಡದಾಗಲು ನಮ್ಮೂರ ಸೊಳ್ಳೆಯದ್ದೂ ಒಂದು ಪಾಲಿದೆ ಅಂತ ನಾನು ಬೆಂಗಳೂರಿನ ಗೆಳೆಯರಿಗೆ ಹೇಳುತ್ತಿರುತ್ತೇನೆ.

ಪಟ್ಟಣದಲ್ಲಿ ನದಿ ದಂಡೆಯ ಗ್ಯಾರಿಸನ್ ಸ್ಮಶಾನ ನೋಡಿದವರಿಗೆ ಗೊತ್ತು. 1799ರ ಮುತ್ತಿಗೆಯಲ್ಲಿ ಬ್ರಿಟಿಷರ ಪರ ಕಾದಾಡಿದ ಸ್ವಿಸ್ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳು ಅಲ್ಲಿವೆ. ಕಲ್ಲಿನ ಮೇಲೆ ಅಧಿಕಾರಿಗಳ ಹೆಸರು, ತೀರಿಕೊಂಡ ದಿನ. ಅದೇ ಜ್ವರದಲ್ಲಿ ನರಳಿದ ಮದರಾಸು ಸೈನ್ಯದ ಸಿಪಾಯಿಗಳ ಹೆಸರು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಪಕ್ಕದ ಪಾಂಡವಪುರದ ಹಳೆ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ ಬ್ರಿಟಿಷರು ಅದನ್ನು ಫ್ರೆಂಚ್ ರಾಕ್ಸ್ ಅಂದರು, ತಾವೂ ಅಲ್ಲಿ ದಂಡು ಇಟ್ಟರು. ಪಾಂಡವಪುರ ರೈಲ್ವೆ ಸ್ಟೇಷನ್ನಿಗೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿತ್ತು ಎಂದು ನೆನಪಿಟ್ಟುಕೊಂಡ ಹಿರಿಯರು ಈಗಲೂ ಇದ್ದಾರೆ.

ಹಾಗಾದರೆ ಒಬ್ಬೊಬ್ಬ ಸೈನಿಕನ ಮೈ ವಿಚಾರವನ್ನು ಕಾಗದಕ್ಕೆ ಇಳಿಸುವ ಪದ್ಧತಿ ಗಟ್ಟಿಯಾದದ್ದು ಯಾವಾಗ? ಇಲ್ಲಿ ಹೆನ್ರಿ ಮಾರ್ಷಲ್ ಎಂಬ ಸೈನ್ಯದ ವೈದ್ಯನ ಹೆಸರು ಹೇಳಬೇಕು. ಹೊಸದಾಗಿ ಸೇರುವವರನ್ನು ಹೇಗೆ ಪರೀಕ್ಷಿಸಬೇಕು, ಕಾಯಿಲೆ ನಟಿಸುವವರನ್ನು ಹೇಗೆ ಹಿಡಿಯಬೇಕು ಅಂತ ಅವನು 1828ರಲ್ಲಿ ಪುಸ್ತಕ ಬರೆದ. 1832ರಲ್ಲಿ ಇನ್ನೊಂದು: ಸೇರಿಸಿಕೊಳ್ಳುವುದು, ಬಿಡುಗಡೆ ಮಾಡುವುದು, ಪಿಂಚಣಿ ಕೊಡುವುದು. ಈ ಮೂರನ್ನೂ ಒಂದೇ ಪುಸ್ತಕಕ್ಕೆ ತಂದದ್ದು ಸುಮ್ಮನೆ ಅಲ್ಲ. ಸೇರುವಾಗ ಹೇಗಿದ್ದ ಅಂತ ಬರೆದಿಡದಿದ್ದರೆ ಬಿಡುವಾಗ ಏನು ಕೆಟ್ಟಿತು ಅಂತ ಹೇಳಲಾಗದು. ಅದನ್ನು ಹೇಳಲಾಗದಿದ್ದರೆ ಪಿಂಚಣಿ ಎಷ್ಟು ಅಂತ ಗೊತ್ತಾಗದು. 1830ರ ದಶಕದ ಕೊನೆಯಿಂದ ಮಾರ್ಷಲ್ ಮತ್ತು ಟುಲೊಕ್ ಸೇರಿ ಸೈನ್ಯದ ಕಾಯಿಲೆ, ಸಾವು, ಅಶಕ್ತರಾಗಿ ಮನೆಗೆ ಹೋದವರ ಲೆಕ್ಕವನ್ನು ವರದಿಯಾಗಿ ತಂದರು. 1863ರಲ್ಲಿ ಭಾರತದ ಸೈನ್ಯದ ಆರೋಗ್ಯ ಕುರಿತ ರಾಯಲ್ ಕಮಿಷನ್ ವರದಿ ಬಂತು, ಫ್ಲಾರೆನ್ಸ್ ನೈಟಿಂಗೇಲ್ ಅದರ ಹಿಂದೆ ಬಿದ್ದು ದುಡಿದಿದ್ದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು ಅನ್ನುವ ಅಂಕಿ ಅದರಿಂದಲೇ ಹೊರಬಿತ್ತು.

ನನಗೆ ಅನಿಸುವುದು ಇಷ್ಟು. ಆ ಕಾಲದ ಕಾಗದ ಹುಟ್ಟಿದ್ದು ಸರ್ಕಾರದ ಹಣದ ಥೈಲಿ ಕಾಯಲಿಕ್ಕೆ. ಸೈನಿಕ ಸುಳ್ಳು ಹೇಳುತ್ತಾನೆ, ಅವನನ್ನು ಹಿಡಿಯಬೇಕು ಅನ್ನುವ ಅನುಮಾನ ಅದರ ನರದಲ್ಲೇ ಇದೆ. ದೊಡ್ಡಪ್ಪನಿಗೆ 1997ರಲ್ಲಿ ಬಂದ ಒಂದು ಸಾಲಿನಲ್ಲೂ ಅದೇ ಅನುಮಾನದ ವಾಸನೆ ಇತ್ತು.

ಮೈಸೂರು ಲ್ಯಾನ್ಸರ್ಸ್ ವಿಚಾರ ಹೇಳದೆ ಮುಂದೆ ಹೋಗಲಾಗದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರಿನ ಕುದುರೆ ದಳಗಳು ಗೆದ್ದವು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಏರಿ ಹೋದವರು ನಮ್ಮ ಮೈಸೂರಿನವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಇದನ್ನೆಲ್ಲ ಪ್ರತಿ ಸೆಪ್ಟೆಂಬರಿನಲ್ಲಿ ಪೇಪರಿನಲ್ಲಿ ಬರೆಯುತ್ತೇವೆ. ಬರೆಯದಿರುವುದು ಅದರ ಹಿಂದುಮುಂದಿನದು. ಆ ಬೇಸಿಗೆಯಲ್ಲಿ ಕುದುರೆ ದಳಗಳು ಜೋರ್ಡಾನ್ ಕಣಿವೆಯ ಕೆಟ್ಟ ಸೆಕೆಯಲ್ಲಿ, ಸೊಳ್ಳೆಯ ನಡುವೆ ಬೀಡು ಬಿಟ್ಟಿದ್ದವು. ಡಮಾಸ್ಕಸ್ ಬಿದ್ದ ಮೇಲೆ ಅಕ್ಟೋಬರಿನಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಸೇರಿ ಆ ಸೈನ್ಯವನ್ನು ಹಾಸಿಗೆ ಹಿಡಿಸಿದವು. ಗುಂಡಿಗಿಂತ ಜ್ವರಕ್ಕೆ ಬಿದ್ದವರೇ ಹೆಚ್ಚು. ಅಂಥ ಸ್ಥಿತಿಯಲ್ಲೂ ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರ ಹರಿತಾನ್‌ನಲ್ಲಿ ಮೈಸೂರಿನವರು ಮತ್ತೆ ಕುದುರೆ ಏರಿದರು.

ಆ ಜ್ವರ ಹೊತ್ತು ಊರಿಗೆ ಬಂದವನ ಮೊಮ್ಮಗ ಇವತ್ತು ಅಜ್ಜನ ಆಸ್ಪತ್ರೆ ಚೀಟಿ ಹುಡುಕಿದರೆ? ಕಷ್ಟ. ಮೈಸೂರು ಸಂಸ್ಥಾನದ ಸೈನ್ಯ ಸ್ವಾತಂತ್ರ್ಯದ ನಂತರ ಭಾರತೀಯ ಸೈನ್ಯದಲ್ಲಿ ಬೆರೆಯಿತು. ಲ್ಯಾನ್ಸರ್ಸ್ 1953ರಲ್ಲಿ ಹುಟ್ಟಿದ ಇವತ್ತಿನ 61ನೇ ಕ್ಯಾವಲ್ರಿಗೆ ಹೋಯಿತು, ಕಾಲಾಳು ಪಡೆಯೊಂದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಸಂಸ್ಥಾನದ ಕಾಲದ ಕಡತಕ್ಕೆ ಮೊದಲು ಬಾಗಿಲು ತಟ್ಟಬೇಕಾದದ್ದು ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ. ಆದರೆ ಅಲ್ಲೂ ಒಬ್ಬೊಬ್ಬನ ನಾಡಿ ಹಿಡಿದ ದಾಖಲೆ ಸಿಕ್ಕೀತು ಅಂತ ಆಸೆ ಇಟ್ಟುಕೊಂಡು ಹೋಗಬೇಡಿ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಉಗ್ರಾಣದ ಮೇಲೆ ಜರ್ಮನ್ ಬಾಂಬು ಬಿದ್ದು ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟವು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈ 12ರಂದು ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತ ನಾಶವಾದವು. ಅವಕ್ಕೆ ಎರಡನೇ ಪ್ರತಿಯೇ ಇರಲಿಲ್ಲ. ಅಲ್ಲಿಯ ಮಾಜಿ ಸೈನಿಕರು ಈಗಲೂ ಬೇರೆ ಬೇರೆ ಕಚೇರಿಯ ಚೂರುಪಾರು ಕಾಗದ ಸೇರಿಸಿ ತಮ್ಮ ಸೇವೆ ರುಜುವಾತು ಮಾಡುತ್ತಾರೆ. ಇತ್ತ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಮೊದಲ ಯುದ್ಧದ ಪಂಜಾಬಿನ ಸುಮಾರು 3 ಲಕ್ಷ 20 ಸಾವಿರ ಸೈನಿಕರ ವಿವರವಿರುವ ರಿಜಿಸ್ಟರುಗಳು ದೂಳು ತಿನ್ನುತ್ತಾ ಬಿದ್ದಿದ್ದವು. ಹೊರಜಗತ್ತಿಗೆ ಅದು ಗೊತ್ತಾದದ್ದು 2021ರಲ್ಲಿ.

ನಮ್ಮಲ್ಲಿ ಕಡತ ಕಳೆಯಲು ಬೆಂಕಿ ಬೇಡ, ಬಾಂಬು ಬೇಡ. ನಿಯಮ ಸಾಕು. ಪಿಂಚಣಿ ಇಲ್ಲದೆ ಬಂದವರ ಸೇವಾ ಕಡತವನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡಬಹುದು ಅಂತ ಸೈನ್ಯದ ನಿಯಮಾವಳಿಯ 595ನೇ ಪ್ಯಾರಾ ಹೇಳುತ್ತದೆ. ಉಳಿಯುವುದು ಲಾಂಗ್ ರೋಲ್ ಅನ್ನುವ ದೊಡ್ಡ ಪುಸ್ತಕದಲ್ಲಿ ಒಂದು ನಮೂದು. ನಂಬರು, ಹೆಸರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಅಷ್ಟೇ.

ದೊಡ್ಡಪ್ಪನಿಗೆ ಸೇವಾ ಪಿಂಚಣಿ ಇತ್ತು. ಹಾಗಾಗಿ ಕಡತ ಉಳಿದಿರಬಹುದು ಅಂತ ಅರ್ಜಿ ಹಾಕಿದೆವು.

ಯಾರಿಗೆ ಹಾಕಬೇಕು ಅನ್ನುವುದರಲ್ಲೇ ನಮ್ಮವರು ಅರ್ಧ ಸೋಲುವುದು. ಮಂಡ್ಯದಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ. ನೀವು ಯಾವ ರೆಜಿಮೆಂಟೋ ಅದರ ರೆಕಾರ್ಡ್ ಆಫೀಸಿಗೆ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ತೋಪಖಾನೆ ಆದರೆ ನಾಸಿಕ್ ರೋಡ್, ಇಎಂಇ ಆದರೆ ಸಿಕಂದರಾಬಾದ್, ಸಿಗ್ನಲ್ಸ್ ಆದರೆ ಜಬಲ್ಪುರ. ವಾಯುಪಡೆಯವರದು ದೆಹಲಿಯ ಸುಬ್ರೊತೊ ಪಾರ್ಕ್, ನೌಕಾಪಡೆಯ ನಾವಿಕರದು ಮುಂಬೈನ ಮಾನಖುರ್ದ್. ಸಿಆರ್‌ಪಿಎಫ್, ಬಿಎಸ್‌ಎಫ್‌ನವರ ದಾರಿಯೇ ಬೇರೆ. ಅವು ಗೃಹ ಇಲಾಖೆಯವು, ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಪ್ರಕಾರ ಭ್ರಷ್ಟಾಚಾರ, ಮಾನವ ಹಕ್ಕಿನ ವಿಚಾರ ಬಿಟ್ಟರೆ ಆ ಕಾಯ್ದೆಯಿಂದ ಹೊರಗೆ. ಸೈನ್ಯ ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಮಿಲಿಟರಿ ಗುಟ್ಟು, ಕೇಳಿದರೆ ಒದ್ದು ಒಳಗೆ ಹಾಕುತ್ತಾರೆ ಅಂತ ಹೆದರಿದ ಹವಾಲ್ದಾರರನ್ನು ನಾನು ನೋಡಿದ್ದೇನೆ. ನಿಮ್ಮ ಕಿವಿ, ನಿಮ್ಮ ಮೊಣಕಾಲು ದೇಶದ ಗುಟ್ಟಲ್ಲ.

ಮೊದಲು ಸಾದಾ ಪತ್ರ ಬರೆದೆವು. ಉತ್ತರ ಇಲ್ಲ. ಯಾವ ಕಚೇರಿ ಅಂತ ಇಲ್ಲಿ ಬೇಡ. ಆಮೇಲೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ. ನಂಬರು, ರ‍್ಯಾಂಕು, ಸೇರಿದ ದಿನ, ಬಿಟ್ಟ ದಿನ, ಪಿಂಚಣಿ ಆದೇಶದ ಸಂಖ್ಯೆ ಬರೆದು, 'ಯಾಕೆ ಕೊಡಲಿಲ್ಲ' ಅಂತ ಕೇಳದೆ, ಇಂತಿಂಥ ಕಾಗದದ ದೃಢೀಕೃತ ನಕಲು ಕೊಡಿ ಅಂತ ಮಾತ್ರ ಕೇಳಿದೆವು. ಯಾಕೆ ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸಲು ಅವರಿಗೆ ದಾರಿ ಸಿಗುತ್ತದೆ. ಬಿಡುಗಡೆ ಸಮಯದ ವೈದ್ಯಕೀಯ ಮಂಡಳಿಯ ನಡಾವಳಿಗೆ ಎಎಫ್‌ಎಂಎಸ್‌ಎಫ್–16 ಅಂತ ನಮೂನೆ ಸಂಖ್ಯೆ. ಅದರ ಜೊತೆಗೆ ಸೇವೆಯ ನಡುವೆ ಕೆಟಗರಿ ಇಳಿಸಿದ ಮಂಡಳಿಗಳ ಕಾಗದ, ಆಸ್ಪತ್ರೆಗೆ ಸೇರಿದ ದಾಖಲೆ, ಸೇರುವ ದಿನದ ವೈದ್ಯಕೀಯ ಪರೀಕ್ಷೆ, ಎಲ್ಲವನ್ನೂ ಪಟ್ಟಿ ಮಾಡಿದೆವು. ಕಾಯ್ದೆ ಕೊಟ್ಟ 30 ದಿನ ಕಳೆಯಿತು. ಮೊದಲ ಮೇಲ್ಮನವಿ ಹಾಕಿದೆವು. ಅದಾಗಿ ಮೂರು ವಾರಕ್ಕೆ ದಪ್ಪನೆಯ ಲಕೋಟೆ ಬಂತು. ಹದಿನಾಲ್ಕು ಹಾಳೆ.

ದೊಡ್ಡಪ್ಪ ಹುಡುಕಿದ್ದು ಕಿವಿ ಕೆಟ್ಟ ಹಾಳೆಯನ್ನು. ಅದು ಸಿಕ್ಕಿತು. ಅಂಗವಿಕಲತೆ 20 ಪರ್ಸೆಂಟ್ ಅಂತ ಮಂಡಳಿಯೇ ಬರೆದಿತ್ತು. ಕೆಳಗೆ ಅದೇ ನಾನಾ. ಕಾರಣದ ಕಲಂ ಹೆಚ್ಚುಕಮ್ಮಿ ಖಾಲಿ.

ನಾವು ಲಾಯರ ಹತ್ತಿರ ಹೋದಾಗ ಅವರು ಆ ಹಾಳೆಯನ್ನು ಪಕ್ಕಕ್ಕಿಟ್ಟು, ಎಲ್ಲಕ್ಕಿಂತ ಕೆಳಗಿದ್ದ ಮಾಸಿದ ಒಂದು ಹಾಳೆ ಎತ್ತಿದರು. 1979ರದು. ಹತ್ತೊಂಬತ್ತು ವರ್ಷದ ಹುಡುಗನ ಎತ್ತರ, ತೂಕ, ಎದೆ ಸುತ್ತಳತೆ. ಕಣ್ಣು ಸರಿ. ಕಿವಿ: ಎರಡೂ ಸರಿ. "ನಿಮ್ಮ ಕೇಸು ಇದರಲ್ಲಿದೆ" ಅಂದರು.

ಅದು ಅರ್ಥವಾಗಬೇಕಾದರೆ ಧರಮ್‌ವೀರ್ ಸಿಂಗ್ ಅನ್ನುವ ಸಿಗ್ನಲ್ಸ್ ಸೈನಿಕನ ಕಥೆ ಗೊತ್ತಿರಬೇಕು. 1985ರ ಜೂನಿನಲ್ಲಿ ಸೈನ್ಯ ಸೇರಿದ. ಮೂರ್ಛೆ ರೋಗ ಶುರುವಾಗಿ 1994ರ ಏಪ್ರಿಲ್‌ನಲ್ಲಿ 20 ಪರ್ಸೆಂಟ್ ಅಂಗವಿಕಲತೆ ಬರೆದು ಹೊರಗೆ ಕಳಿಸಿದರು. ಹುಟ್ಟಿನಿಂದ ಮೈಯಲ್ಲೇ ಇದ್ದ ಕಾಯಿಲೆ, ಸೇವೆಗೂ ಇದಕ್ಕೂ ಸಂಬಂಧ ಇಲ್ಲ, ಪಿಂಚಣಿ ಇಲ್ಲ ಎಂದರು. ಆತ ಸುಪ್ರೀಂ ಕೋರ್ಟಿನವರೆಗೂ ಹೋದ. 2013ರ ಜುಲೈ 2ರಂದು ತೀರ್ಪು ಬಂತು. ಸೇರುವ ದಿನ ನಿಮ್ಮ ಡಾಕ್ಟರೇ ನೋಡಿ ಸರಿ ಇದ್ದಾನೆ ಅಂತ ಬರೆದಿರುವಾಗ, ಕಾಯಿಲೆಯ ಟಿಪ್ಪಣಿ ಆವತ್ತು ಇಲ್ಲದಿರುವಾಗ, ಮುಂದೆ ಕೆಟ್ಟದ್ದು ಸೇವೆಯಿಂದಲೇ ಅಂತ ಭಾವಿಸಬೇಕು. ಅಲ್ಲ ಅನ್ನುವುದಾದರೆ ಅಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಸೇರುವಾಗ ಆ ಕಾಯಿಲೆ ಯಾಕೆ ಪತ್ತೆಯಾಗಲಿಲ್ಲ ಅನ್ನುವುದಕ್ಕೂ ಮಂಡಳಿ ಕಾರಣ ಬರೆಯಬೇಕು. ಇದು ಕೋರ್ಟು ಹೊಸದಾಗಿ ಕಟ್ಟಿದ ಮಾತೂ ಅಲ್ಲ, 1982ರ ನಿಯಮಗಳಲ್ಲೇ ಇದ್ದದ್ದು. ಮೂವತ್ತೊಂದು ವರ್ಷ ಯಾರೂ ಸರಿಯಾಗಿ ಓದಿ ಹೇಳಿರಲಿಲ್ಲ ಅಷ್ಟೆ. 2015ರಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಇದನ್ನೇ ಮತ್ತೆ ಹೇಳಿತು. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನಿಂದ, ಅವಧಿ ಮುಗಿಸಿ ಬಂದವರಿಗೂ 20 ಪರ್ಸೆಂಟನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಅನುಕೂಲ ಸಿಕ್ಕಿತು.

ಮಾರ್ಷಲ್ ಕಾಲದಲ್ಲಿ ಸರ್ಕಾರ ತನ್ನ ಹಣ ಉಳಿಸಲು ಬರೆಸಿದ ಆ ಸೇರುವ ದಿನದ ಹಾಳೆ, ಇನ್ನೂರು ವರ್ಷಕ್ಕೆ ತಿರುಗಿ ಸೈನಿಕನ ಪರ ಸಾಕ್ಷಿ ಹೇಳಿತು. ನಮ್ಮವರು ಕಾಯಿಲೆಯ ಚೀಟಿ ಮಾತ್ರ ಕೇಳುತ್ತಾರೆ. ಆರೋಗ್ಯದ ಚೀಟಿ ಕೇಳುವುದನ್ನು ಮರೆಯುತ್ತಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಿಯಮಗಳು 2008ರಲ್ಲಿ ಬದಲಾದವು, 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸವು ಬಂದವು. ಕೆಲವು ಕಾಯಿಲೆಗಳಿಗೆ ಈಗ ಅಂಗವಿಕಲತೆ ಪಿಂಚಣಿಯ ಬದಲು 'ಇಂಪೇರ್‌ಮೆಂಟ್ ರಿಲೀಫ್' ಅನ್ನುವ ಬೇರೆ ಲೆಕ್ಕ. ಈಗ ಬಿಟ್ಟು ಬರುವ ಹುಡುಗರು ದೊಡ್ಡಪ್ಪನ ಕಥೆಯನ್ನು ಹಾಗೇ ತಮಗೆ ಹೊಂದಿಸಿಕೊಳ್ಳಬೇಡಿ. ಆದರೆ ಗೇಟು ದಾಟುವ ಮೊದಲೇ ಮಂಡಳಿಯ ನಕಲು ಕೇಳಿ ಪಡೆಯಿರಿ, ಫೋನಿನಲ್ಲಿ ಪ್ರತಿ ಹಾಳೆಯ ಫೋಟೋ ತೆಗೆದು ಮನೆಯವರಿಗೂ ಕಳಿಸಿ.

ದೊಡ್ಡಪ್ಪನ ಕೇಸು ಟ್ರಿಬ್ಯೂನಲ್‌ನಲ್ಲಿ ಮೂರು ವರ್ಷ ನಡೆಯಿತು. ಗೆದ್ದರು. ಬಾಕಿ ಹಣ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು. 2008ರ ತರ್ಸೇಮ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಾಕಿದ ಮಿತಿ ಅದು: ತಡವಾಗಿ ಬಂದೆ ಅಂತ ಹಕ್ಕು ಸಾಯುವುದಿಲ್ಲ, ಆದರೆ ಹಳೆಯ ಬಾಕಿ ಸಾಯುತ್ತದೆ. ಒಂದು ಕಾಗದ ಕೇಳಲು ಹೆದರಿದ್ದಕ್ಕೆ ಸುಮಾರು ಇಪ್ಪತ್ತು ವರ್ಷದ ಹಣ ಹೋಯಿತು. ದೊಡ್ಡಪ್ಪ ಬಂದ ಹಣದಲ್ಲಿ ಕಿವಿಗೆ ಮೆಷಿನ್ ಹಾಕಿಸಿಕೊಂಡರು. "ಈಗ ನಿನ್ನ ದೊಡ್ಡವ್ವ ಬೈಯೋದೆಲ್ಲ ಕೇಳ್ತದೆ, ಅದೊಂದು ನಷ್ಟ" ಅನ್ನುತ್ತಾರೆ.

ಈ ಸುದ್ದಿ ಊರಿಂದೂರಿಗೆ ಹಬ್ಬಿತು. ನಾಗಮಂಗಲ ಕಡೆಯಿಂದ ಒಬ್ಬ ತಾಯಿ ಮಗನ ಬೈಕಿನಲ್ಲಿ ಬಂದರು. ಅವರ ಯಜಮಾನರು ಒಂಬತ್ತು ವರ್ಷ ಸೈನ್ಯದಲ್ಲಿದ್ದು 1991ರಲ್ಲಿ ಕಾಯಿಲೆ ಮಾಡಿಕೊಂಡು ವಾಪಸ್ ಬಂದವರು. ಪಿಂಚಣಿ ಇಲ್ಲ. ಕೆಲವು ವರ್ಷಕ್ಕೆ ತೀರಿಕೊಂಡರು. ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಬುಕ್ ಇತ್ತು, ಅರ್ಧ ಗೆದ್ದಲು ತಿಂದದ್ದು. ಮರಣ ಪ್ರಮಾಣ ಪತ್ರ, ಹೆಂಡತಿ ಅನ್ನುವುದಕ್ಕೆ ದಾಖಲೆ ಎರಡನ್ನೂ ಜೊತೆಗಿಟ್ಟು ಅವರ ಹೆಸರಲ್ಲೇ ಅರ್ಜಿ ಹಾಕಿಸಿದೆ. ತೀರಿಕೊಂಡವರ ಕಡತವನ್ನು ಸಂಬಂಧ ತೋರಿಸದೆ ಕೇಳಿದರೆ ಮೂರನೆಯವರ ಮಾಹಿತಿ ಅಂತ ತಳ್ಳಿಹಾಕುತ್ತಾರೆ.

ಉತ್ತರ ಈ ಸಲ ಬೇಗ ಬಂತು, ಒಂದೇ ಹಾಳೆ. ಅವಧಿ ಮುಗಿದಿದ್ದರಿಂದ ಕಡತ ನಾಶ ಮಾಡಲಾಗಿದೆ. 1991ಕ್ಕೆ 25 ಸೇರಿಸಿದರೆ 2016. ಅವರು ನನ್ನ ಹತ್ತಿರ ಬಂದದ್ದು 2022ರಲ್ಲಿ. ಲಾಂಗ್ ರೋಲ್‌ನ ನಕಲು ಮಾತ್ರ ಕಳಿಸಿದ್ದರು, ಅದರಲ್ಲಿ ಬಿಟ್ಟ ಕಾರಣದ ಕಲಂನಲ್ಲಿ 'ಇನ್‌ವ್ಯಾಲಿಡೆಡ್ ಔಟ್' ಅಂತ ಎರಡು ಪದ. ಕಾಯಿಲೆಯಿಂದ ಹೊರಗೆ ಕಳಿಸಲಾಯಿತು ಅಂತ.

"ಏನ್ ಕಾಯ್ಲೆ ಅಂತ ಬರ್ದವ್ರೇನಪ್ಪ?" ಅಂತ ಆ ತಾಯಿ ಕೇಳಿದರು. ಬರೆದಿಲ್ಲ ಅಂದೆ.

ಆ ಎರಡು ಪದವೂ, ಗೆದ್ದಲು ತಿಂದು ಉಳಿದ ಡಿಸ್ಚಾರ್ಜ್ ಬುಕ್ಕಿನ ಮೂರು ಹಾಳೆಯೂ ಈಗ ಲಾಯರ ಹತ್ತಿರ ಇವೆ. ಅಷ್ಟರಿಂದ ಕೇಸು ನಿಲ್ಲುತ್ತದಾ ಅಂತ ಅವರು ನೋಡುತ್ತಿದ್ದಾರೆ. ಯಜಮಾನರ ಜೊತೆ ಒಂದೇ ಯೂನಿಟ್ಟಿನಲ್ಲಿದ್ದ ಒಬ್ಬರು ಪಾಂಡವಪುರದ ಹತ್ತಿರ ಇದ್ದಾರೆ ಅಂತ ಮಗ ಹೇಳಿದ. ಬರುವ ವಾರ ಅವರ ಟ್ರಂಕು ನೋಡಲು ಹೋಗುತ್ತಿದ್ದೇವೆ.